ತೂಕ ಸರಿ, ಬೊಂಬೆ ಬೇರೆ

ಪಾರ್ಸೆಲ್ ಕೇಂದ್ರದಲ್ಲಿ ನನಗೆ ಸಿಕ್ಕಿದ ಬಡ್ತಿಗಳ ಬಗ್ಗೆ ಬರೆಯಲು ಏನೂ ಇಲ್ಲ. ಒಮ್ಮೆ ಕುರ್ಚಿ ಬದಲಾಯಿತು, ಇನ್ನೊಮ್ಮೆ ಕುತ್ತಿಗೆಯ ಗುರುತಿನ ಚೀಟಿಯ ದಾರ ಬದಲಾಯಿತು. ಬರೆಯಬೇಕಾದದ್ದು ವಾಪಸಾತಿ ಮೇಜಿನ ಬಗ್ಗೆ. ಪುತ್ತೂರು ಬಸ್ ನಿಲ್ದಾಣದಿಂದ ಸ್ವಲ್ಪ ಮೇಲೆ, ಮುಚ್ಚಿಹೋದ ಟೈಲ್ಸ್ ಅಂಗಡಿಯೊಂದರ ಗೋದಾಮಿನಲ್ಲಿ ನಮ್ಮ ಕೇಂದ್ರ ಇತ್ತು. ಜನ ಫೋನಿನಲ್ಲಿ ಆರ್ಡರ್ ಮಾಡಿದ್ದೆಲ್ಲ ಅಲ್ಲಿಗೆ ಬಂದು ಪುತ್ತೂರು, ಸುಳ್ಯ, ಕಡಬ ತಾಲೂಕುಗಳಿಗೆ ಹಂಚಿಹೋಗುತ್ತಿತ್ತು. ಬೇಡವೆಂದು ಅವರು ತಿರುಗಿ ಕಳಿಸಿದ್ದೂ ಅಲ್ಲಿಗೇ ಬರುತ್ತಿತ್ತು. ಹಾಗೆ ತಿರುಗಿ ಬಂದದ್ದನ್ನು ನೋಡಿ ಒಪ್ಪುವುದು ಅಥವಾ ತಿರಸ್ಕರಿಸುವುದು ನನ್ನ ಕೆಲಸ. ಹನ್ನೊಂದು ವರ್ಷ ಮಾಡಿದೆ.

ಹನ್ನೊಂದು ಎಂದು ಬರೆದ ಮೇಲೆ ಸೇರಿದ ಪತ್ರ ಹುಡುಕಿ ತೆಗೆದೆ. ಒಂಬತ್ತೂವರೆ. ಒಂದೂವರೆ ವರ್ಷವನ್ನು ಮನಸ್ಸು ಯಾರನ್ನೂ ಕೇಳದೆ ಸೇರಿಸಿಕೊಂಡಿತ್ತು. ಈ ಕೆಲಸಕ್ಕೆ ಹೊಸದಾಗಿ ಬರುವವರು ಇದನ್ನು ಓದುವುದಾದರೆ, ನನ್ನ ಮಾತಿನಲ್ಲಿ ಇಂಥ ಜಾಗಗಳು ಇನ್ನೂ ಇವೆ ಎಂದು ತಿಳಿದೇ ಓದಬೇಕು. ನನಗೆ ಗೊತ್ತಾದಲ್ಲಿ ಹೇಳುತ್ತೇನೆ. ಗೊತ್ತಾಗದ್ದು ಹಾಗೆಯೇ ಉಳಿದಿರುತ್ತದೆ.

ಅದಕ್ಕೆ ಮೊದಲು ನಾನು ಪೇಟೆಯ ಒಂದು ಫ್ಯಾನ್ಸಿ ಅಂಗಡಿಯಲ್ಲಿ ಆಟಿಕೆ ವಿಭಾಗದಲ್ಲಿದ್ದೆ. ಅಲ್ಲಿ ವಾಪಸಾತಿಗೆ ಒಂದು ಮುಖ ಇರುತ್ತಿತ್ತು. ಒಮ್ಮೆ ಬೆಟ್ಟಂಪಾಡಿಯ ಹೆಂಗಸೊಬ್ಬರು ಮಾತಾಡುವ ಬೊಂಬೆಯನ್ನು ತಂದು ಮೇಜಿನ ಮೇಲೆ ಇಟ್ಟು, "ಇದು ಮಾತಾಡುದಿಲ್ಲ" ಎಂದರು. ಬೊಂಬೆಯ ಕೂದಲಿನಿಂದ ಮೀನು ಸಾರಿನ ವಾಸನೆ ಬರುತ್ತಿತ್ತು. ನಾನು ಬೊಂಬೆಯನ್ನೂ ಅವರನ್ನೂ ನೋಡಿದೆ. ಅವರು ನೆಲ ನೋಡಿದರು. ಯಜಮಾನರು ಏನೂ ಕೇಳದೆ ಬೇರೆ ಬೊಂಬೆ ಕೊಡಿಸಿದರು. ಅವರು ಹೋದ ಮೇಲೆ, "ಅವರಿಗೆ ನಾಚಿಕೆ ಆಗಿದೆ, ಅಷ್ಟು ಸಾಕು" ಎಂದರು. ಆ ನಾಚಿಕೆ ಆ ಅಂಗಡಿಯ ಪರಿಶೀಲನಾ ವಿಧಾನ ಆಗಿತ್ತು.

ಪಾರ್ಸೆಲ್ ಕೇಂದ್ರದಲ್ಲಿ ಮುಖ ಇಲ್ಲ. ಪೆಟ್ಟಿಗೆ ಬರುತ್ತದೆ, ಅದರ ಮೇಲೊಂದು ನಂಬರು, ಕಂಪ್ಯೂಟರಿನಲ್ಲಿ ಒಂದು ಸಾಲು ಕಾರಣ. 'ಅಳತೆ ಸರಿಯಿಲ್ಲ' ಎಂಬ ಸೀರೆ ಬರುತ್ತಿತ್ತು. ಸೀರೆಗೆ ಎಂತ ಅಳತೆ? ಅಂಚಿನಲ್ಲಿ ಅರಿಶಿನ ಇರುತ್ತಿತ್ತು, ಎಲ್ಲೋ ಒಂದು ಮದುವೆ ಮುಗಿದಿದೆ ಎಂದು ಅರ್ಥ. 'ಬಳಸಿಲ್ಲ' ಎಂಬ ಶೂವಿನ ಅಡಿಯಲ್ಲಿ ಕೆಂಪು ಮಣ್ಣು. ಮಿಕ್ಸಿಯ ಜಾರಿನ ತಳದಲ್ಲಿ ತೆಂಗಿನಕಾಯಿಯ ಚೂರು. ರಿಮೋಟ್ ಕಾರಿನ ಚಕ್ರದಲ್ಲಿ ಕೇಕಿನ ಕ್ರೀಮು. ಆ ಕಾರನ್ನು ನಾನು ಒಪ್ಪಿದೆ. ಯಾಕೆಂದು ಕೇಳಿದರೆ ಉತ್ತರ ಸ್ಪಷ್ಟವಿಲ್ಲ. ಮಗುವಿನ ಹುಟ್ಟುಹಬ್ಬದ ಒಂದು ಸಂಜೆಗೆ ಕಾರು ಬೇಕಿತ್ತು, ಮರುದಿನ ಅದನ್ನು ಇಟ್ಟುಕೊಳ್ಳುವ ತಾಕತ್ತು ಇರಲಿಲ್ಲ ಎಂದು ಊಹಿಸಿದೆ. ಊಹೆಯೇ. ಆ ಮನೆಯವರು ನನಗಿಂತ ಸ್ಥಿತಿವಂತರೂ ಆಗಿರಬಹುದು.

ಆ ಕಾರು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಆಗ ನಾನು ಯೋಚಿಸಲಿಲ್ಲ. ಒಪ್ಪಿದ ಮಾಲು ದೊಡ್ಡ ಗೋದಾಮಿಗೆ ಹೋಗಿ, ಹೊಸದರ ಸಾಲಿನಲ್ಲಿ ಕುಳಿತು, ಇನ್ನೊಬ್ಬ ಗಿರಾಕಿಗೆ ಹೊಸದಾಗಿಯೇ ಹೋಗುತ್ತದೆ. ಹೆಚ್ಚಿನ ಸಲ ಹತ್ತಿರದ ಗಿರಾಕಿಗೇ. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ನನಗೂ ಗೊತ್ತಿತ್ತು. ಗೊತ್ತಿರುವುದಕ್ಕೂ ಯೋಚಿಸುವುದಕ್ಕೂ ನಡುವೆ ಎಷ್ಟು ಜಾಗ ಇದೆ ಎಂಬುದು ಇಸ್ಮಾಯಿಲ್ ಬಂದ ಮೇಲೆ ತಿಳಿಯಿತು.

ಇಸ್ಮಾಯಿಲ್‌ಗೆ ಆಲಂಕಾರು ಪೇಟೆಯಲ್ಲಿ ಮೊಬೈಲ್ ರಿಪೇರಿಯ ಸಣ್ಣ ಅಂಗಡಿ. ವಯಸ್ಸು ನಲವತ್ತರ ಆಸುಪಾಸು. ಮೊದಲು ಗಲ್ಫಿನಲ್ಲಿ ಆಟಿಕೆಗಳ ಗೋದಾಮಿನಲ್ಲಿ ಕೆಲಸ ಮಾಡಿ ಬಂದವರು. ತನ್ನ ಪಾರ್ಸೆಲನ್ನು ಡೆಲಿವರಿಯವರ ಚೀಲದಲ್ಲಿ ಬರಲು ಬಿಡದೆ ತಾನೇ ಪುತ್ತೂರಿಗೆ ಬಂದು ಒಯ್ಯುತ್ತಿದ್ದರು. ಮೊದಲ ಸಲ ಬಂದಾಗ ನಡೆದ ಮಾತು ಹೆಚ್ಚುಕಡಿಮೆ ಹೀಗೆ:

"ಅಕ್ಕ, ನನ್ನದು ಒಂದು ಬಂದುಂಟಾ?"

"ಬಂದುಂಟು. ಬೊಂಬೆ. ಮಗನಿಗಾ?"

"ಮಗನಿಗೆ ಎಂತಕ್ಕೆ? ನನಗೆ."

"ಇಷ್ಟು ದೊಡ್ಡವರಿಗೆ ಬೊಂಬೆಯಾ ಮಾರಾಯ್ರೆ?"

"ಬೊಂಬೆ ಅಲ್ಲ ಅಕ್ಕ, ಆಕ್ಷನ್ ಫಿಗರ್. ಬೊಂಬೆಗೆ ಕೈ ಮಾತ್ರ ಆಡ್ತದೆ. ಇದಕ್ಕೆ ಬೆರಳಿನ ಗಂಟೂ ಆಡ್ತದೆ."

"ಮಗ ಕೇಳುದಿಲ್ವಾ?"

"ಕೇಳ್ತಾನೆ. ಅವನಿಗೆ ಬೇರೆ ತೆಗೆದು ಕೊಟ್ಟಿದ್ದೇನೆ. ಇದನ್ನು ಮುಟ್ಟಿದರೆ ಅವನು ಅಜ್ಜಿಯ ಮನೆಯಲ್ಲಿಯೇ ಇರಬೇಕು ಅಂತ ಹೇಳಿದ್ದೇನೆ."

ಅವರಿಂದ ನಾನು ಈ ಲೋಕದ ಬಗ್ಗೆ ಸ್ವಲ್ಪ ಕಲಿತೆ. ಆಡಲಿಕ್ಕಲ್ಲದೆ ಇಡಲಿಕ್ಕೆ ಕೊಳ್ಳುವವರು ಇದ್ದಾರೆ. ಅವರಿಗೆ ಒಳಗಿನ ಬೊಂಬೆಯಷ್ಟೇ ಹೊರಗಿನ ಪೆಟ್ಟಿಗೆಯೂ ಮುಖ್ಯ. ಮೂಲೆ ಮಡಚಿರಬಾರದು, ಗೀರು ಇರಬಾರದು. ಒಂದು ಸೆಟ್ಟಿನಲ್ಲಿ ಐದಿದ್ದರೆ ಐದೂ ಬೇಕು. ಇಸ್ಮಾಯಿಲ್ ಆಗ ಕೂಡಿಸುತ್ತಿದ್ದದ್ದು ಅಂತರಿಕ್ಷದ ಐದು ಕಾವಲುಗಾರರನ್ನು. ನಾಲ್ವರು ಸಿಕ್ಕಿದ್ದರು. ಐದನೆಯವಳು ನೀಲಿ ಕವಚ ತೊಟ್ಟ ಹೆಂಗಸು. ಅವಳನ್ನು ಮಾಡುವುದು ನಿಲ್ಲಿಸಿ ತುಂಬ ಸಮಯ ಆಗಿತ್ತಂತೆ. ಎಲ್ಲಿಯೋ ಒಂದೊಂದು ಉಳಿದದ್ದು ಮಾರಾಟಕ್ಕೆ ಬರುತ್ತಿತ್ತು, ಬಂದ ಅರ್ಧ ಗಂಟೆಯಲ್ಲಿ ಹೋಗುತ್ತಿತ್ತು.

ನಮ್ಮ ಮೇಜಿನ ನಿಯಮ ಎಷ್ಟು ಸಲ ಬದಲಾಯಿತು ಎಂದು ಹೇಳದೆ ಮುಂದಿನದು ಅರ್ಥ ಆಗಲಿಕ್ಕಿಲ್ಲ. ಆರಂಭದಲ್ಲಿ ಎಲ್ಲವನ್ನೂ ಬಿಡಿಸಿ ನೋಡುತ್ತಿದ್ದೆವು. ಆಮೇಲೆ, ಬಿಡಿಸಿದರೆ ಮಾಲು ಹಳತಾಗುತ್ತದೆ, ಸೀಲ್ ಹಾಗೆಯೇ ಇದ್ದರೆ ಬಿಡಿಸಬಾರದು, ತೂಕ ಮಾತ್ರ ನೋಡಿ ಎಂದು ಮೇಲಿನಿಂದ ಬಂತು. ಪ್ರತಿಯೊಂದು ವಸ್ತುವಿನ ತೂಕ ಕಂಪ್ಯೂಟರಿನಲ್ಲಿ ಇರುತ್ತಿತ್ತು. ತಕ್ಕಡಿಯಲ್ಲಿ ಇಟ್ಟಾಗ ಅದಕ್ಕೆ ಹೊಂದಿದರೆ ಹಸಿರು, ಇಲ್ಲದಿದ್ದರೆ ಕೆಂಪು. ನಾಲ್ಕು ವರ್ಷ ಹೀಗೆ ನಡೆಯಿತು. ಆ ನಾಲ್ಕು ವರ್ಷದಲ್ಲಿ ನನಗೆ ಒಂದು ಅಹಂಕಾರ ಬಂತು. ಪೆಟ್ಟಿಗೆಯನ್ನು ಕೈಯಲ್ಲಿ ಎತ್ತಿದರೆ ತಕ್ಕಡಿ ಏನು ಹೇಳುತ್ತದೆ ಎಂದು ಮೊದಲೇ ಹೇಳುತ್ತಿದ್ದೆ. ನಮ್ಮ ಮ್ಯಾನೇಜರ್ ಸುಜಿತ್, ನನ್ನ ತಮ್ಮನ ಮಗನಷ್ಟು ವಯಸ್ಸಿನವರು, ಹೊರಗಿನಿಂದ ಯಾರಾದರೂ ಬಂದರೆ, "ಇವರು ನಮ್ಮ ವಾರಿಜಕ್ಕ, ಇವರಿಗೆ ತಕ್ಕಡಿ ಬೇಡ" ಎಂದು ಪರಿಚಯ ಮಾಡಿಸುತ್ತಿದ್ದರು. ಅದನ್ನು ಕೇಳಲು ನನಗೆ ಇಷ್ಟ ಇತ್ತು.

ನೀಲಿ ಹೆಂಗಸು ನನ್ನ ಮೇಜಿಗೆ ಮೊದಲ ಸಲ ಬಂದದ್ದು ಆ ಕಾಲದಲ್ಲಿ, ಒಂದು ಮಳೆಗಾಲದಲ್ಲಿ. ಸುಳ್ಯದ ಕಡೆಯ ಒಂದು ವಿಳಾಸದಿಂದ ವಾಪಸಾತಿ. ಕಾರಣ, 'ಮನಸ್ಸು ಬದಲಾಯಿತು'. ಸೀಲ್ ಕಣ್ಣಿಗೆ ಸರಿ. ತಕ್ಕಡಿ ಹಸಿರು. ಒಪ್ಪಿದೆ.

ನನಗೆ ಏನೋ ಅನುಮಾನ ಬಂದಿತ್ತು ಎಂದು ಇಲ್ಲಿ ಬರೆಯಲು ಆಸೆ ಆಗುತ್ತದೆ. ಬಂದಿರಲಿಲ್ಲ. ಅದರಿಂದ ರಬ್ಬರ್ ಶೀಟಿನ ವಾಸನೆ ಬಂದಿರಲೇಬೇಕು. ಹೊಗೆಗೂಡಿನಲ್ಲಿ ಒಣಗಿಸಿದ ಶೀಟಿನ ಆ ಹುಳಿ ಹೊಗೆಯ ವಾಸನೆ ಒಮ್ಮೆ ಮೂಗಿಗೆ ಬಿದ್ದರೆ ಮರೆಯುವಂಥದ್ದಲ್ಲ. ಆದರೆ ಮಳೆಗಾಲದಲ್ಲಿ ಸುಳ್ಯದಿಂದ ಬರುವ ಎಲ್ಲ ಚೀಲಗಳಿಂದಲೂ ಅದೇ ವಾಸನೆ. ಮದುವೆಯ ಸೀರೆಯಿಂದಲೂ, ಪರೀಕ್ಷೆಯ ಪುಸ್ತಕದಿಂದಲೂ. ಬೆಂಗಳೂರಿನ ಒಬ್ಬರು ನನ್ನ ಮೇಜಿನಲ್ಲಿ ಕುಳಿತಿದ್ದರೆ ಮೂಗು ಮುಚ್ಚಿ, ಇದೆಂಥ ಪೆಟ್ಟಿಗೆ ಎಂದು ಬಿಡಿಸಿಯೇ ಬಿಡುತ್ತಿದ್ದರೋ ಏನೋ. ನಮ್ಮ ಮೂಗಿಗೆ ಅದು ವಾಸನೆಯೇ ಅಲ್ಲ.

ಸುಮಾರು ಎರಡು ತಿಂಗಳ ನಂತರ ನಿಯಮ ಪುನಃ ಬದಲಾಯಿತು. ಬೆಲೆಬಾಳುವ ಆಟಿಕೆಗಳಲ್ಲಿ ಮೋಸ ಹೆಚ್ಚಾಗಿದೆ, ಇನ್ನು ಸೀಲ್ ಇದ್ದರೂ ಇಲ್ಲದಿದ್ದರೂ ಬಿಡಿಸಿ ನೋಡಿ ಎಂದು. ಅದಾಗಿ ಕೆಲವೇ ದಿನಗಳಲ್ಲಿ ನೀಲಿ ಹೆಂಗಸಿನ ಚಿತ್ರ ಇದ್ದ ಪೆಟ್ಟಿಗೆಯೊಂದು ವಾಪಸಾತಿಗೆ ಬಂತು. ಈ ಸಲ ಆಲಂಕಾರಿನಿಂದ, ಇಸ್ಮಾಯಿಲ್ ಹೆಸರಿನಲ್ಲಿ. ಕಾರಣ, 'ಒಳಗೆ ಬೇರೆ ವಸ್ತು ಇದೆ'.

ಪೆಟ್ಟಿಗೆಯನ್ನು ಮೇಲಿನ ಬದಿಯಿಂದ ಬಿಡಿಸಿದೆ. ಒಳಗೆ ಬೇರೆ ವಸ್ತುವೇ ಇತ್ತು. ಸಂತೆಯಲ್ಲಿ ಸಿಗುವ ಪೈಲ್ವಾನ್ ಬೊಂಬೆ, ಅದಕ್ಕೆ ಯಾರೋ ನೀಲಿ ಬಣ್ಣ ಬಳಿದಿದ್ದರು, ಮೀಸೆಯ ಮೇಲೂ. ಬೊಂಬೆಯನ್ನು ಕೂರಿಸಿದ ಪ್ಲಾಸ್ಟಿಕ್ ತಟ್ಟೆಯ ಅಡಿಯಲ್ಲಿ, ಕತ್ತರಿಸಿ ನಾಲ್ಕು ಮಡಿಕೆಯಾಗಿ ಇಟ್ಟ ರಬ್ಬರ್ ಶೀಟಿನ ತುಂಡು. ತಕ್ಕಡಿಯಲ್ಲಿ ಇಟ್ಟೆ. ಹಸಿರು.

ಈ ತುಂಡು ಯಾಕೆ ಇದೆ ಎಂದು ನನಗೆ ಕೂಡಲೇ ತಿಳಿಯಿತು. ತೂಕ ನೋಡುವವರನ್ನು ಮೋಸ ಮಾಡಲು. ಯಾರು ಇಟ್ಟದ್ದು ಎಂಬುದೂ ತಿಳಿಯಿತು ಎಂದುಕೊಂಡೆ. ಆಲಂಕಾರಿನ ಕಡೆಯೂ ರಬ್ಬರ್ ಉಂಟಲ್ಲ. ಕಂಪ್ಯೂಟರಿನಲ್ಲಿ 'ಗಿರಾಕಿಯಿಂದ ಬದಲಾದ ವಸ್ತು' ಎಂಬ ಚೌಕಕ್ಕೆ ಗುರುತು ಹಾಕಿದೆ. ಉಳಿದದ್ದನ್ನು ಕಂಪ್ಯೂಟರ್ ತಾನೇ ಮಾಡಿತು. ಇಸ್ಮಾಯಿಲ್ ಅವರ ಖಾತೆ ಮುಚ್ಚಿತು. ಬೊಂಬೆಯನ್ನು ಪಕ್ಕದ ಮೇಜಿನವರಿಗೆ ತೋರಿಸಿ ನಾನು ನಕ್ಕೆ. ಮೀಸೆ ಇರುವ ಹೆಂಗಸು ಎಂದೆ. ಇದು ಮಾತ್ರ ತುಂಬ ಚೆನ್ನಾಗಿ ನೆನಪಿದೆ.

ತಿರಸ್ಕರಿಸಿದ ಮಾಲನ್ನು ಗಿರಾಕಿಗೆ ಹಿಂತಿರುಗಿಸಬೇಕು. ನಮ್ಮ ಡೆಲಿವರಿಯ ಲೋಕೇಶ ಅದನ್ನು ಆಲಂಕಾರಿಗೆ ಒಯ್ದ. ಅಂಗಡಿಯ ಎದುರು ರಿಕ್ಷಾ ಸ್ಟ್ಯಾಂಡ್. ಬೈಕಿನಿಂದ ಇಳಿಯದೆಯೇ ಅವನು, "ಇದು ತಗೊಳ್ಳುದಿಲ್ಲಂತೆ. ಒಳಗಿನ ಮಾಲು ಬದಲಿಸಿ ಕಳಿಸಿದ್ದು ಅಂತ ಬಂದಿದೆ. ನಿಮ್ಮದು ಬ್ಲಾಕ್" ಎಂದನಂತೆ. ಅವನದು ಸಹಜವಾಗಿಯೇ ದೊಡ್ಡ ಸ್ವರ. ಕೆಟ್ಟ ಉದ್ದೇಶ ಇರಲಿಲ್ಲ.

ಒಂದು ವಾರ ಬಿಟ್ಟು ಇಸ್ಮಾಯಿಲ್ ಪುತ್ತೂರಿಗೆ ಬಂದರು. ನಾಲ್ಕು ದಿನವೋ ಒಂದು ವಾರವೋ. ಪೆಟ್ಟಿಗೆಯನ್ನು ಬಟ್ಟೆಯ ಚೀಲದಲ್ಲಿ ಸುತ್ತಿ ತಂದಿದ್ದರು. ನಾನು ಬೈಗುಳ ನಿರೀಕ್ಷಿಸಿದ್ದೆ.

"ಅಕ್ಕ, ಒಂದು ಐದು ನಿಮಿಷ ಉಂಟಾ?"

"ಹೇಳಿ."

"ನಾನು ಬಿಡಿಸುವಾಗ ವಿಡಿಯೋ ಮಾಡಿದ್ದೆ. ನಾವೆಲ್ಲ ಮಾಡ್ತೇವೆ. ಅದನ್ನು ಕಂಪೆನಿಗೆ ಕಳಿಸಿದೆ. ವಿಡಿಯೋ ಶುರು ಮಾಡುವ ಮೊದಲೇ ಬದಲಿಸಿರಬಹುದು ಅಂತ ಉತ್ತರ ಬಂತು."

"ಅದಕ್ಕೆ ನಾನು ಎಂತ ಮಾಡ್ಲಿಕ್ಕೆ ಆಗ್ತದೆ?"

"ದುಡ್ಡು ಹೋದರೆ ಹೋಗ್ಲಿ. ನಿನ್ನೆ ಒಬ್ಬರು ಫೋನ್ ರಿಪೇರಿಗೆ ತಂದರು. ಹತ್ತು ವರ್ಷದಿಂದ ಬರುವವರು. ಮೆಮೊರಿ ಕಾರ್ಡ್ ನನ್ನೆದುರೇ ತೆಗೆದು ಕಿಸೆಗೆ ಹಾಕಿಕೊಂಡರು. ಏನೂ ಹೇಳಲಿಲ್ಲ. ಇನ್ನು ಇಬ್ಬರು ಕಡಬಕ್ಕೆ ಹೋಗಿ ರಿಪೇರಿ ಮಾಡಿಸಿದ್ದಾರೆ."

ಅವರ ಅಂಗಡಿ ನಿಂತಿರುವುದು ಯಾವುದರ ಮೇಲೆ ಎಂದು ಆಗ ಹೊಳೆಯಿತು. ಊರಿನವರ ಫೋನು, ಅದರೊಳಗಿನ ಫೋಟೋ, ಮಗಳ ಮದುವೆಯ ಮಾತುಕತೆ, ಬ್ಯಾಂಕಿನ ಗುಟ್ಟು, ಎಲ್ಲವೂ ಒಂದು ದಿನ ಎರಡು ದಿನ ಅವರ ಡ್ರಾಯರಿನಲ್ಲಿ ಇರುತ್ತದೆ. ಒಳಗಿನದನ್ನು ಬದಲಿಸುವವರು ಎಂಬ ಹೆಸರು ಬಂದ ಮೇಲೆ ಅಲ್ಲಿ ಯಾರು ಫೋನ್ ಇಟ್ಟುಹೋಗುತ್ತಾರೆ?

ಇಸ್ಮಾಯಿಲ್ ಪೆಟ್ಟಿಗೆಯನ್ನು ತಲೆಕೆಳಗೆ ಮಾಡಿ, ಅಡಿಯ ಮಡಿಕೆಯನ್ನು ಉಗುರಿನಿಂದ ಮೆಲ್ಲಗೆ ಎತ್ತಿದರು.

"ಇದು ಮೊನ್ನೆ ಕಂಡದ್ದು. ಹೊಸ ಪೆಟ್ಟಿಗೆ ಅಂತ ಅಲ್ವಾ ನನಗೆ ಕಳಿಸಿದ್ದು? ಹೊಸ ಪೆಟ್ಟಿಗೆಯ ಅಡಿಯಲ್ಲಿ ಪೆನ್ಸಿಲಿನಲ್ಲಿ 'ವಾ' ಅಂತ ಯಾರು ಬರೆಯುದು?"

ಬರೆದದ್ದು ನಾನು. ಫ್ಯಾನ್ಸಿ ಅಂಗಡಿಯ ಅಭ್ಯಾಸ. ಯಾರ ಕೈಯಲ್ಲಿ ಪರೀಕ್ಷೆ ಆದದ್ದು ಎಂದು ತಿಳಿಯಲು ಯಜಮಾನರು ಪೆಟ್ಟಿಗೆಯ ಅಡಿಯಲ್ಲಿ ಹೆಸರಿನ ಮೊದಲ ಅಕ್ಷರ ಬರೆಸುತ್ತಿದ್ದರು. ಕೇಂದ್ರದಲ್ಲಿ ಪೆಟ್ಟಿಗೆಯ ಮೇಲೆ ಏನನ್ನೂ ಬರೆಯಬಾರದು ಎಂದು ಗೋಡೆಯಲ್ಲೇ ಅಂಟಿಸಿದ್ದರು. ಆದರೂ ನಾನು ಒಪ್ಪಿದ ಪೆಟ್ಟಿಗೆಗಳಿಗೆ, ಯಾರಿಗೂ ಕಾಣದ ಜಾಗದಲ್ಲಿ, ತಿಳಿಯಾಗಿ ಒಂದು 'ವಾ' ಎಳೆಯುತ್ತಿದ್ದೆ. ಕೆಲಸ ಮುಗಿಯಿತು ಎಂದು ಕೈಗೆ ಅನ್ನಿಸಬೇಕಾದರೆ ಅದು ಬೇಕಿತ್ತು. ಪೆಟ್ಟಿಗೆಯ ಅಡಿಯ ಮಡಿಕೆಯನ್ನೂ ಎತ್ತಿ ನೋಡುವ ಮನುಷ್ಯರು ಇರುತ್ತಾರೆ ಎಂದು ನಾನು ಎಣಿಸಿರಲಿಲ್ಲ.

ತಕ್ಷಣ ಒಪ್ಪಿಕೊಂಡೆನೇ? ಇಲ್ಲ. "ಗೋದಾಮಿನಲ್ಲಿ ಯಾರೋ ಬರೆದಿರಬಹುದು. ಇಲ್ಲಿ ಇಟ್ಟು ಹೋಗಿ, ನೋಡುವ" ಎಂದೆ. ಪೆಟ್ಟಿಗೆ ನಿಮ್ಮಲ್ಲಿಯೇ ಇರಲಿ ಎಂದು ನಾನು ಆಗ ಹೇಳಿದ್ದರೆ ಒಳ್ಳೆಯದಿತ್ತು.

"ಇಟ್ಟು ಹೋಗ್ತೇನೆ. ನೀವಿದ್ದೀರಲ್ಲ" ಎಂದರು. ಹೋದರು.

ಆ ಅಕ್ಷರ ಅಳಿಸಿದರೆ ಹೋಗುವಂಥದ್ದು. ಡ್ರಾಯರಿನಲ್ಲಿ ಅಳಿಸುವುದೂ ಇತ್ತು. ಅದನ್ನು ನಾನು ಕೈಗೆ ತೆಗೆದುಕೊಂಡೆನೋ ಇಲ್ಲವೋ ಎಂದು ಈಗಲೂ ಖಚಿತ ಇಲ್ಲ. ಒಂದು ಸಲ ಯೋಚಿಸಿದರೆ ತೆಗೆದುಕೊಂಡು ಇಟ್ಟ ಹಾಗೆ, ಇನ್ನೊಂದು ಸಲ ಡ್ರಾಯರನ್ನೇ ತೆರೆಯದ ಹಾಗೆ ನೆನಪಾಗುತ್ತದೆ. ಎರಡನೆಯದು ನನಗೆ ಹೆಚ್ಚು ಗೌರವ ಕೊಡುವ ನೆನಪು. ಹಾಗಾಗಿ ಮೊದಲನೆಯದೇ ನಿಜ ಇರಬೇಕು.

ಪೆಟ್ಟಿಗೆಯ ನಂಬರನ್ನು ಕಂಪ್ಯೂಟರಿಗೆ ಕೊಟ್ಟು ಅದರ ಹಿಂದಿನ ಪ್ರಯಾಣ ನೋಡಿದೆ. ಸುಳ್ಯದ ಕಡೆಯಿಂದ ವಾಪಸು, ಪುತ್ತೂರಿನಲ್ಲಿ ತೂಕ ಸರಿ, ಒಪ್ಪಿದವರು ವಾರಿಜ, ಗೋದಾಮು, ಆಲಂಕಾರು. ಅಂದರೆ ನೀಲಿ ಪೈಲ್ವಾನ ನನ್ನ ಕೈಯಿಂದಲೇ ಇಸ್ಮಾಯಿಲ್ ಬಳಿಗೆ ಹೋದದ್ದು. ಅದನ್ನು ಅವರು ಪ್ರಾಮಾಣಿಕವಾಗಿ ತಿರುಗಿ ಕಳಿಸಿದಾಗ, ಅವರನ್ನು ಕಳ್ಳರೆಂದು ಬರೆದದ್ದೂ ನಾನೇ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಸುಳ್ಯದ ಆ ವಿಳಾಸದಿಂದ ಬೇರೇನಾದರೂ ಬಂದಿದೆಯೇ ಎಂದು ನೋಡಿದೆ. ಬಂದಿತ್ತು. ಅದಕ್ಕೂ ಒಂದು ವರ್ಷ ಮೊದಲು, ಬೇರೆ ಒಂದು ಆಕ್ಷನ್ ಫಿಗರ್. ಅವರು ಕೊಟ್ಟ ಕಾರಣ, 'ಹೆಲ್ಮೆಟ್ ಇಲ್ಲದೆ ಬಂದಿದೆ'. ನನ್ನ ತೀರ್ಮಾನ, 'ತೂಕ ಕಡಿಮೆ, ಭಾಗ ಕಾಣೆಯಾಗಿದೆ, ತಿರಸ್ಕೃತ'.

ಈ ಎರಡು ಸಾಲುಗಳನ್ನು ನೀವೂ ನಿಧಾನವಾಗಿ ಓದಬೇಕು. ಹೆಲ್ಮೆಟ್ ಇಲ್ಲ ಎಂದು ಅವರು ಹೇಳಿದರು. ಹೆಲ್ಮೆಟ್ ಇಲ್ಲದ ಕಾರಣ ತಗೊಳ್ಳುವುದಿಲ್ಲ ಎಂದು ನಾನು ಹೇಳಿದೆ.

ನನ್ನ ಸ್ವಂತ ಫೋನಿನಿಂದ ಅವರಿಗೆ ಫೋನ್ ಮಾಡಿದೆ. ಗಿರಾಕಿಗಳಿಗೆ ಹಾಗೆ ಮಾಡುವುದು ನಿಷಿದ್ಧ, ಹೊಸಬರು ಮಾಡಬಾರದು. ಊಟದ ಹೊತ್ತಿನಲ್ಲಿ, ಗೋದಾಮಿನ ಹಿಂದಿನ ಮೆಟ್ಟಿಲಿನಲ್ಲಿ ಕುಳಿತು ಮಾಡಿದೆ. ಆ ಕಡೆಯ ಸ್ವರ ಮಧ್ಯವಯಸ್ಸಿನದು. ಮನೆಯವರಿಗೆ ಅರೆಭಾಷೆಯಲ್ಲಿ ಏನೋ ಹೇಳಿ ಹೊರಗೆ ಬಂದು ನನ್ನೊಡನೆ ಕನ್ನಡದಲ್ಲಿ ಮಾತಾಡಿದರು. ಹೆಸರು ಬರೆಯುವುದಿಲ್ಲ.

"ನೀಲಿ ಬೊಂಬೆಯ ಪೆಟ್ಟಿಗೆಯಲ್ಲಿ ರಬ್ಬರ್ ಶೀಟ್ ಇತ್ತು" ಎಂದೆ.

"ನಮ್ಮಲ್ಲಿ ಎಲ್ಲರ ಮನೆಯಲ್ಲಿಯೂ ರಬ್ಬರ್ ಉಂಟು."

"ನಾನು ಪೊಲೀಸಿನವಳು ಅಲ್ಲ. ಆವತ್ತು ಅದನ್ನು ಪಾಸ್ ಮಾಡಿದ್ದು ನಾನೇ."

"ಹೆಲ್ಮೆಟಿನದ್ದು ಆಗುದಿಲ್ಲ ಅಂತ ಬರೆದದ್ದೂ ನೀವೆಯಾ?" ಎಂದರು.

"ನಾನೇ."

"ಮೊದಲನೇ ಸಲ ಇದ್ದದ್ದು ಇದ್ದ ಹಾಗೆ ಬರೆದು ಕಳಿಸಿದೆ. ತೂಕ ಇಲ್ಲ ಅಂದ್ರಿ. ನಿಮಗೆ ಬೇಕಾದ್ದು ತೂಕ ಅಂತ ಗೊತ್ತಾಯ್ತು. ಎರಡನೇ ಸಲ ತೂಕ ಕೊಟ್ಟೆ."

"ಅದು ಇನ್ನೊಬ್ಬರಿಗೆ ಹೋಯಿತು. ಬದಲಿಸಿದ್ದು ಅವರೇ ಅಂತ ಆಗಿದೆ. ಊರಿನಲ್ಲಿ ಅವರ ಹೆಸರು ಕೆಟ್ಟಿದೆ."

"ಅವರೂ ಇಡುವವರಾ?"

"ಹೌದು. ಐದರಲ್ಲಿ ನಾಲ್ಕು ಉಂಟಂತೆ. ಇದೊಂದೇ ಬಾಕಿ."

"ನಾನು ಕಂಪೆನಿಗೆ ಮಾಡಿದ್ದು ಅಂತ ಎಣಿಸಿದ್ದೆ" ಎಂದರು. ಸ್ವರ ಸಣ್ಣದಾಗಿತ್ತು.

ನೀಲಿಯವಳನ್ನು ಹಿಂದೆ ಕೊಡಬಹುದೇ ಎಂದು ಕೇಳಿದೆ. ಫೋನ್ ಕಡಿಯಿತು. ಅವರೇ ಕಡಿದರೋ, ಆ ಕಡೆಯ ಗುಡ್ಡಗಳಲ್ಲಿ ಸಿಗ್ನಲ್ ಹೋಯಿತೋ ಗೊತ್ತಿಲ್ಲ. ಪುನಃ ಎರಡು ಸಲ ಮಾಡಿದೆ, ಸಿಗಲಿಲ್ಲ.

ಅವರನ್ನು ಕೆಟ್ಟವರೆಂದು ಹೇಳಲು ಆಗಲೂ ಆಗಲಿಲ್ಲ, ಈಗಲೂ ಆಗುವುದಿಲ್ಲ. ಆದರೆ ಎಲ್ಲವೂ ಇಷ್ಟು ಸರಿಯಾಗಿ ಜೋಡಣೆಯಾಗುವುದು ನನಗೆ ಹಿಡಿಸುವುದಿಲ್ಲ. ನಾನು ತಿರಸ್ಕರಿಸಿದ್ದಕ್ಕೆ ಅವರು ಮೋಸ ಕಲಿತರು ಎಂದರೆ ಕಥೆ ಚೆಂದ ಆಗುತ್ತದೆ, ನನಗೂ ಅದರಲ್ಲಿ ಒಂದು ದೊಡ್ಡ ಪಾತ್ರ ಸಿಗುತ್ತದೆ. ಹೆಲ್ಮೆಟ್ ಸರಿಯಾಗಿ ಬಂದಿದ್ದರೂ ಅವರು ನೀಲಿಯವಳನ್ನು ಇಟ್ಟುಕೊಂಡು ಪೈಲ್ವಾನನನ್ನು ಕಳಿಸುತ್ತಿದ್ದರೋ ಏನೋ. ನನಗೆ ಗೊತ್ತಿರುವುದು ಕಂಪ್ಯೂಟರಿನ ಎರಡು ಸಾಲು, ಒಂದು ಫೋನಿನ ಮಾತು. ಅಷ್ಟೇ.

ಸಂಜೆ ಸುಜಿತ್ ಎದುರು ಪೆಟ್ಟಿಗೆ ಇಟ್ಟು ನಡೆದದ್ದು ಹೇಳಿದೆ. ಅವರು ಬಾಗಿಲು ಹಾಕಿ ಬಂದು ಕುಳಿತರು.

"ವಾರಿಜಕ್ಕ, ನಿಮಗೆ ರಿಟೈರ್ ಆಗ್ಲಿಕ್ಕೆ ಇನ್ನು ಎಷ್ಟು ಸಮಯ ಉಂಟು?"

"ಮೂರು ತಿಂಗಳು, ಸರ್."

"ಮತ್ತೆ ಯಾಕೆ ಇದೆಲ್ಲ? ಸಿಸ್ಟಮ್ ತಪ್ಪು ಅಂತ ಬರೆಯುವ. ಯಾರಿಗೂ ತೊಂದರೆ ಇಲ್ಲ."

"ಹಾಗೆ ಬರೆದರೆ ಅವರ ಖಾತೆ ಬಿಡ್ತಾರಾ?"

ಸುಜಿತ್ ತುಸು ಹೊತ್ತು ಪೈಲ್ವಾನನನ್ನು ತಿರುಗಿಸಿ ತಿರುಗಿಸಿ ನೋಡಿದರು. "ಬಿಡ್ಲಿಕ್ಕಿಲ್ಲ" ಎಂದರು.

"ಹಾಗಾದರೆ ಆಗುದಿಲ್ಲ."

"ನೀವು ಪೆಟ್ಟಿಗೆಯಲ್ಲಿ ಬರೆದದ್ದು ಒಂದು ತಪ್ಪು, ಪಾಸ್ ಮಾಡಿದ್ದು ಒಂದು, ಅವರನ್ನು ಬ್ಲಾಕ್ ಮಾಡಿಸಿದ್ದು ಒಂದು. ಮೂರನ್ನೂ ಬರೆಯಬೇಕಾ?"

"ಫೋನ್ ಮಾಡಿದ್ದು ಬಿಟ್ಟಿರಿ."

"ಅದು ನನಗೆ ಕೇಳಿಸಲೇ ಇಲ್ಲ" ಎಂದು ಅವರು ಕಂಪ್ಯೂಟರ್ ತಮ್ಮ ಕಡೆ ಎಳೆದುಕೊಂಡರು. ಮೇಲಿನವರಿಗೆ ಇಂಗ್ಲಿಷಿನಲ್ಲಿ ಹೋಗಬೇಕು. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ, ಅವರು ಟೈಪ್ ಮಾಡಿದರು. ನನ್ನ ಒಂದು ಪುಟದ ತಪ್ಪು ಅಲ್ಲಿ ಐದಾರು ಸಾಲಾಯಿತು. ಪೆನ್ಸಿಲಿನ ಅಕ್ಷರದ ಫೋಟೋ ತೆಗೆದು ಸೇರಿಸಿದರು. ಕಳಿಸುವ ಮೊದಲು ಒಮ್ಮೆ ನನ್ನ ಮುಖ ನೋಡಿದರು. ಅವರ ಕೈಯಲ್ಲಿ ಅದಕ್ಕಿಂತ ಹೆಚ್ಚು ಇರಲಿಲ್ಲ. ಮೇಲಧಿಕಾರಿಗಳ ಬಗ್ಗೆ ಇಂಥ ಬರಹಗಳಲ್ಲಿ ಕೆಟ್ಟದ್ದು ಬರೆಯುವುದು ವಾಡಿಕೆ. ನನಗೆ ಇವರ ಬಗ್ಗೆ ಹಾಗೆ ಬರೆಯಲು ಏನೂ ಸಿಗುವುದಿಲ್ಲ.

ಎರಡು ಮೂರು ವಾರದಲ್ಲಿ ಇಸ್ಮಾಯಿಲ್ ಖಾತೆ ತೆರೆಯಿತು. ಹಣ ಹಿಂದೆ ಬಂತು. ಬೊಂಬೆ ಬರಲಿಲ್ಲ, ಮಾರಿದವರ ಬಳಿ ಇನ್ನೊಂದು ಇರಲಿಲ್ಲ. ಸುಳ್ಯದಿಂದಲೂ ಏನೂ ಬರಲಿಲ್ಲ. ನನಗೆ ಎಚ್ಚರಿಕೆಯ ಪತ್ರ ಬಂತು, ವಾಪಸಾತಿ ಮೇಜಿನಿಂದ ವಿಳಾಸದ ಚೀಟಿ ಅಂಟಿಸುವ ಕಡೆಗೆ ಹಾಕಿದರು. ಚೀಟಿ ಅಂಟಿಸುವ ಕೆಲಸ ನನಗೆ ಹಿಡಿಸಿತು. ಅದರಲ್ಲಿ ಯಾರ ಬಗ್ಗೆಯೂ ತೀರ್ಪು ಹೇಳಬೇಕಾಗಿಲ್ಲ.

ಆದರೆ ಖಾತೆ ತೆರೆದ ಸಂಗತಿ ಇಸ್ಮಾಯಿಲ್ ಫೋನಿನಲ್ಲಿ ಮಾತ್ರ ಇತ್ತು. ಬ್ಲಾಕ್ ಆದ ಸಂಗತಿ ಇದ್ದದ್ದು ರಿಕ್ಷಾ ಸ್ಟ್ಯಾಂಡಿನಲ್ಲಿ. ಒಂದು ದಿನ ರಜೆ ಹಾಕಿ, ಉಪ್ಪಿನಂಗಡಿಯ ಮೇಲೆ ಹೋಗುವ ಕಡಬ ಬಸ್ಸಿನಲ್ಲಿ ಆಲಂಕಾರಿಗೆ ಹೋದೆ.

ಬೆಳಗ್ಗೆ ಹನ್ನೊಂದು ಗಂಟೆ. ಅಂಗಡಿಯಲ್ಲಿ ಇಸ್ಮಾಯಿಲ್ ಒಬ್ಬರೇ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾವುದೋ ಫೋನಿನ ಹೊಟ್ಟೆಯೊಳಗೆ ಇದ್ದರು. ಎದುರಿಗೆ ನಾಲ್ಕೈದು ರಿಕ್ಷಾದವರು. ಬಸ್ಸಿನಲ್ಲಿ ಒಂದು ಭಾಷಣ ಕಟ್ಟಿಕೊಂಡಿದ್ದೆ, ಇಳಿದಾಗ ಅದು ಇರಲಿಲ್ಲ. ಅಂಗಡಿಯ ಮೆಟ್ಟಿಲಿನಲ್ಲಿ ನಿಂತು, ರಿಕ್ಷಾದವರ ಕಡೆ ತಿರುಗಿ ಹೇಳಿದೆ.

"ನಾನು ಪುತ್ತೂರಿನ ಪಾರ್ಸೆಲಿನವಳು. ಮೊನ್ನೆ ಇವರದು ಬ್ಲಾಕ್ ಅಂತ ನಮ್ಮವನು ಇಲ್ಲಿ ಹೇಳಿದ್ದ. ಅದು ತಪ್ಪು. ಬದಲಿಸಿದ್ದು ಇವರಲ್ಲ. ಬದಲಿಸಿದ್ದನ್ನು ನೋಡದೆ ಬಿಟ್ಟದ್ದು ನಾನು. ಇವರ ಮೇಲೆ ಬರೆದದ್ದೂ ನಾನೇ."

ಹಿರಿಯ ರಿಕ್ಷಾದವರೊಬ್ಬರು ಬಾಯಿಯ ಎಲೆಯಡಿಕೆಯನ್ನು ಒಂದು ಬದಿಗೆ ತಳ್ಳಿ, "ನೀವು ಅದಕ್ಕೆ ಇಷ್ಟು ದೂರ ಬಂದದ್ದಾ ಅಕ್ಕ? ಇಸ್ಮಾಯಿಲಿನ ವಿಷಯ ನಮಗೆ ಗೊತ್ತುಂಟು. ನಾವು ಒಬ್ಬರೂ ನಂಬಲಿಲ್ಲ" ಎಂದರು.

ಒಳಗೆ ಹೋದೆ. ಇಸ್ಮಾಯಿಲ್ ಭೂತಗನ್ನಡಿ ತೆಗೆದಿಟ್ಟು, ಸ್ವರ ತಗ್ಗಿಸಿ, "ಈಗ ನಂಬಲಿಲ್ಲ ಅಂದರಲ್ಲ, ಕಡಬಕ್ಕೆ ಹೋಗಿ ರಿಪೇರಿ ಮಾಡಿಸಿದ್ದರಲ್ಲಿ ಅವರೇ ಮೊದಲನೆಯವರು" ಎಂದರು.

"ನಾನು ಹೇಳಿದ್ದು ಒಳ್ಳೆಯದಾಯ್ತಾ ಇಲ್ಲವಾ?"

"ಒಳ್ಳೆಯದೇ. ಬ್ಲಾಕ್ ಆದದ್ದು ಗೊತ್ತಿಲ್ಲದ ಇಬ್ಬರಿದ್ದರು, ಈಗ ಅವರಿಗೂ ಗೊತ್ತಾಯ್ತು" ಎಂದು ನಕ್ಕರು. "ಕೂತುಕೊಳ್ಳಿ. ಶರಬತ್ತು ತರಿಸ್ತೇನೆ."

ಈ ಬರಹದ ಮೊದಲ ಪ್ರತಿಯಲ್ಲಿ, ಆ ಹೊತ್ತಿಗೆ ಹೆಂಗಸೊಬ್ಬರು ಬಂದು ಫೋನನ್ನು ಮೆಮೊರಿ ಕಾರ್ಡಿನ ಸಮೇತ ಮೇಜಿನ ಮೇಲೆ ಇಟ್ಟುಹೋದರು ಎಂದು ಬರೆದಿದ್ದೆ. ಓದಲು ಚೆನ್ನಾಗಿತ್ತು. ಹೊಡೆದು ಹಾಕಿದೆ. ಆವತ್ತು ಯಾರೂ ಬರಲಿಲ್ಲ. ನಾವಿಬ್ಬರು ಶರಬತ್ತು ಕುಡಿದೆವು, ರಸ್ತೆಯಲ್ಲಿ ಒಂದು ಲಾರಿ ಹೋಯಿತು.

ಇಸ್ಮಾಯಿಲ್ ತಮ್ಮ ಫೋನ್ ತೆಗೆದು ನನ್ನ ಕಡೆ ತಿರುಗಿಸಿದರು. ಪರದೆಯಲ್ಲಿ ನೀಲಿ ಕವಚದ ಹೆಂಗಸು. ಬೇರೆ ಯಾರೋ ಮಾರಾಟಕ್ಕೆ ಇಟ್ಟದ್ದು.

"ಒಂದು ವಾರದಿಂದ ಹಾಗೆಯೇ ಉಂಟು, ಯಾರೂ ತಗೊಳ್ಳಲಿಲ್ಲ. ಎಲ್ಲರಿಗೂ ಹೆದರಿಕೆ. ನನಗೂ. ದಿನಾ ತೆಗೆದು ನೋಡುದು, ಇಡುದು."

"ಪುನಃ ಹಾಗೆಯೇ ಬಂದರೆ?"

"ಅದೇ." ಸ್ವಲ್ಪ ಹೊತ್ತು ಪರದೆ ನೋಡಿದರು. "ನೀವು ರಿಟೈರ್ ಆಗುದು ಯಾವಾಗ ಅಕ್ಕ?"

"ಇನ್ನು ಎರಡು ತಿಂಗಳು. ಆದರೆ ವಾಪಸಾತಿ ಮೇಜಿನಲ್ಲಿ ಈಗ ನಾನಿಲ್ಲ. ಚೀಟಿ ಅಂಟಿಸುದು."

"ಕೇಂದ್ರದಲ್ಲಿ ಇರ್ತೀರಲ್ಲ?"

"ಇರ್ತೇನೆ."

"ಹಾಗಾದರೆ ಈಗಲೇ ಆರ್ಡರ್ ಹಾಕುದು ಒಳ್ಳೆದು" ಎಂದು ಗುಂಡಿ ಒತ್ತಿದರು.

ಈ ಕೊನೆಯ ಮಾತು ನನಗೆ ತುಂಬ ಅನುಕೂಲವಾಗಿದೆ. ಅದಕ್ಕಾಗಿಯೇ ಅನುಮಾನ ಬಂದು, ಬರೆಯುವ ಮೊದಲು ಇಸ್ಮಾಯಿಲ್‌ಗೆ ಫೋನ್ ಮಾಡಿ, ಹಾಗೆ ಹೇಳಿದ್ದು ನಿಜವೇ ಎಂದು ಕೇಳಿದೆ. ಅವರಿಗೆ ನೆನಪಿಲ್ಲವಂತೆ. "ಶರಬತ್ತು ಕುಡಿದದ್ದು ನೆನಪುಂಟು ಅಕ್ಕ, ಮಾತು ನೆನಪಿಲ್ಲ" ಎಂದರು. ಆಮೇಲೆ, ಒಂದು ನಿಮಿಷ ಎಂದು ಹೇಳಿ ತಮ್ಮ ಹಳೆಯ ಆರ್ಡರುಗಳನ್ನು ಹುಡುಕಿ, ನೀಲಿಯವಳಿಗೆ ಆರ್ಡರ್ ಹಾಕಿದ ತಾರೀಕು ಓದಿ ಹೇಳಿದರು. ನನ್ನ ರಜೆಯ ಚೀಟಿ ತೆಗೆದು ನೋಡಿದೆ. ಅದೇ ದಿನ.